ಐದನೇ ಕಂಬದ ಕರೆಂಟು

ಕೇಣಿಚಿರ ಜಂಕ್ಷನ್ನಿನಿಂದ ಸ್ವಲ್ಪ ಕೆಳಗೆ ಹಿಟ್ಟಿನ ಮಿಲ್ಲು ನಡೆಸುವ ಪದ್ಮಾಕ್ಷಿ ಯಾರನ್ನಾದರೂ ಹೊಗಳಿದ್ದನ್ನು ಕೇಳಿದವರಿಲ್ಲ. ಅಕ್ಕಿ ಒದ್ದೆಯಿದ್ದರೆ ತಂದವರಿಗೆ ಬೈಗುಳ, ಕಾಫಿ ಬೀಜದಲ್ಲಿ ಕಲ್ಲು ಸಿಕ್ಕರೆ ಬೆಳೆದವರಿಗೆ ಬೈಗುಳ. ಆ ವರ್ಷ ಮಾತ್ರ ಅವಳ ತಾತ್ಸಾರದ ದೊಡ್ಡ ಪಾಲು ವಿದ್ಯುತ್ ಕಚೇರಿಯ ಎಂಜಿನಿಯರ್ ಕುಞ್ಞಿರಾಮನ್‌ಗೆ ಮೀಸಲಾಗಿತ್ತು.

ಹತ್ತು ತಿಂಗಳಲ್ಲಿ ಮಿಲ್ಲಿನ ಮೋಟಾರು ಮೂರು ಸಲ ಸುಟ್ಟಿತ್ತು. ಮೂರು ಸಲವೂ ಅವಳು ದೂರು ಬರೆದು ಕೊಟ್ಟಳು. ಮೂರನೆಯ ಸಲ ಅವನು ಜೀಪಿನಲ್ಲಿ ಬಂದ. ಬಂದದ್ದು ಭಾನುವಾರ, ಮಿಲ್ಲಿಗೆ ರಜೆಯಿದ್ದಾಗ. ಸೂಟ್‌ಕೇಸಿನಷ್ಟು ದೊಡ್ಡ ಮೀಟರನ್ನು ಮೇನ್ ಸ್ವಿಚ್ಚಿಗೆ ಸಿಕ್ಕಿಸಿ, ಅವಳು ಕೊಟ್ಟ ಚಾಯ ಕುಡಿದು ಮುಗಿಸುವಷ್ಟರಲ್ಲಿ ಬಿಚ್ಚಿದ.

"ಇನ್ನೂರ ಮೂವತ್ತು. ಮೂರು ಫೇಸೂ ಸರಿಯಾಗಿದೆ. ದೋಷ ನಿಮ್ಮ ವೈರಿಂಗಿನಲ್ಲಿ," ಎಂದ ಮಲಯಾಳದಲ್ಲಿ.

"ಮಿಲ್ಲು ಓಡಿಸದೆ ನೋಡಿದರೆ ಸರಿಯಾಗೇ ಇರುತ್ತೆ," ಎಂದಳು ಪದ್ಮಾಕ್ಷಿ ಅದೇ ಭಾಷೆಯಲ್ಲಿ. "ಮಲಗಿರೋನನ್ನ ನೋಡಿ ಕುಂಟು ಇಲ್ಲ ಅಂದ ಹಾಗಾಯ್ತು."

"ಇದಕ್ಕೆಲ್ಲ ಓದಿರಬೇಕು, ಚೇಚಿ," ಎಂದ, ಅಕ್ಕ ಎಂದು ಕರೆದೇ ಹಂಗಿಸುತ್ತ.

"ಸರಿ, ಓದಿದವರೇ. ಗ್ಲಾಸು ಅಲ್ಲೇ ಇಡಿ. ತೊಳೆಯೋಕೆ ಓದು ಬೇಕಾಗಿಲ್ಲ."

ಅದಾದ ವಾರಕ್ಕೆ ಅಶ್ವತಿ ಬಂದಳು. ಮಿಲ್ಲಿನ ಮೇಲಿನ ಗುಡ್ಡದಲ್ಲಿ ಕಾಡಿಗೆ ಅಂಟಿಕೊಂಡಿರುವ ಆದಿವಾಸಿ ಕೇರಿಯವಳು. ಅವಳ ಅಪ್ಪ ಕಾಡಿನಲ್ಲಿ ಜೇನು ಕೀಳುತ್ತಿದ್ದವನು. ಇವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಜಂಕ್ಷನ್ನಿನಲ್ಲಿ ಮಿಕ್ಸಿ, ಮೊಬೈಲು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಳು. ಕೈಯಲ್ಲಿ ಊಟದ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ತೂತಿನಿಂದ ವೈರುಗಳು ಹೊರಬಂದಿದ್ದವು.

"ಪದ್ಮಕ್ಕಾ, ಇದನ್ನ ನಿಮ್ಮ ಮೇನ್ ಸ್ವಿಚ್ ಹತ್ತಿರ ಇಡ್ಲಾ?"

"ಏನೇ ಅದು, ಬುತ್ತಿಯಾ?"

"ವೋಲ್ಟೇಜು ಬರೆದಿಡೋ ಪೆಟ್ಟಿಗೆ. ನಾನೇ ಮಾಡಿದ್ದು. ಸೆಕೆಂಡಿಗೊಂದು ಸಲ ಮೂರು ಫೇಸೂ ಅಳೆದು, ಟೈಮ್ ಸಮೇತ ಮೆಮೊರಿ ಕಾರ್ಡಿಗೆ ಹಾಕುತ್ತೆ. ಇಂಥವು ಮೂರಿವೆ. ಎಲ್ಲ ಸೇರಿಸಿದರೂ ನಿಮ್ಮ ಮೋಟಾರಿಗೆ ಒಂದು ಸಲ ವೈಂಡಿಂಗ್ ಮಾಡಿಸೋ ದುಡ್ಡು ಆಗಿಲ್ಲ."

"ನಿನಗೇನು ಬಂತು ಅಂಥ ಕಷ್ಟ?"

"ನಮ್ಮ ಕೇರಿಯ ನೀರಿನ ಪಂಪು ದಿನಾ ನಿಂತುಹೋಗ್ತಿದೆ. ಎಂಜಿನಿಯರ್ ಬಂದು, ನಿಮ್ಮ ಜನಕ್ಕೆ ಪಂಪು ಓಡಿಸೋಕೆ ಬರಲ್ಲ ಅಂದು ಹೋದ್ರು."

"ಅವನು ಜನ್ಮದಲ್ಲಿ ಸರಿಯಾಗಿ ಹೇಳಿದ್ದು ಅದೊಂದೇ ಇರಬೇಕು," ಎಂದಳು ಪದ್ಮಾಕ್ಷಿ.

ಅಶ್ವತಿಯ ಮುಖ ಬದಲಾಗಲಿಲ್ಲ. "ಇಡ್ಲಾ, ಬೇಡ್ವಾ?"

"ಇಡು ಇಡು. ಅವನ ಸೂಟ್‌ಕೇಸಿಗೇ ಗೊತ್ತಾಗದ್ದು ನಿನ್ನ ಬುತ್ತಿಗೇನು ಗೊತ್ತಾಗುತ್ತೋ!"

ಎರಡನೆಯ ಡಬ್ಬಿ ಟ್ರಾನ್ಸ್‌ಫಾರ್ಮರ್ ಪಕ್ಕದ ಮಾದಪ್ಪನ ಹೋಟೆಲಿಗೆ ಹೋಯಿತು, ಮೂರನೆಯದು ಮಿಲ್ಲಿನಾಚೆ ಅದೇ ಲೈನಿನ ತುದಿಯಲ್ಲಿರುವ ಗುಡ್ಡದ ಪಂಪಿನ ಮನೆಗೆ. ಐದು ವಾರ ಕಳೆದ ಮೇಲೆ ಅಶ್ವತಿ ಮೂರೂ ಕಾರ್ಡು ತೆಗೆದು, ಮೊಬೈಲಿನಲ್ಲಿ ಗೆರೆಗಳನ್ನು ತೋರಿಸಿದಳು.

"ಇದು ಮಾದಪ್ಪಣ್ಣನ ಹೋಟೆಲು, ಇನ್ನೂರ ಇಪ್ಪತ್ತೆಂಟು. ಅದೇ ಸೆಕೆಂಡಿಗೆ ನಿಮ್ಮಲ್ಲಿ ಒಂದು ಫೇಸು ನೂರ ಎಪ್ಪತ್ತಾರು. ಮಿಲ್ಲು ನಿಂತರೆ ಎರಡೂ ಸಮ. ಹಾಗಾದ್ರೆ ತೊಂದರೆ ಎರಡರ ನಡುವೆ ಇದೆ. ನಡೆದು ನೋಡಿದೆ. ಐದನೇ ಕಂಬದ ಮೇಲೆ ತಂತಿಯ ಜಾಯಿಂಟು ಸುಟ್ಟು ಕಪ್ಪಾಗಿದೆ. ಲೋಡು ಬಿದ್ದಾಗ ಅಲ್ಲೇ ವೋಲ್ಟೇಜು ಸೋರಿಹೋಗ್ತಿದೆ."

ಪದ್ಮಾಕ್ಷಿಯ ಕಣ್ಣು ಹೊಳೆಯಿತು. ಮೋಟಾರು ಉಳಿಯುತ್ತದೆ ಎಂಬುದಕ್ಕಿಂತ, ಕುಞ್ಞಿರಾಮನ್ ಮುಖಕ್ಕೆ ಹಿಡಿಯಲು ಏನೋ ಸಿಕ್ಕಿತೆಂಬ ಸಂತೋಷ ದೊಡ್ಡದಾಗಿತ್ತು.

"ಇನ್ನೊಂದಿದೆ ಅಕ್ಕಾ, ಪಂಪಿನ ಡಬ್ಬೀದು..."

"ಸಾಕು ಬಿಡೇ. ಅವನನ್ನ ಹುರಿಯೋಕೆ ಇಷ್ಟೇ ಬೇಕಾದಷ್ಟಾಯ್ತು."

ದೂರು ವಿದ್ಯುತ್ ಗ್ರಾಹಕರ ಕುಂದುಕೊರತೆ ಸಮಿತಿಗೆ ಹೋಯಿತು. ವಿಚಾರಣೆಯ ದಿನ ಕುಞ್ಞಿರಾಮನ್ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ತೋರಿಸುವವನಂತೆ ಸಮಿತಿಯ ಅಧ್ಯಕ್ಷೆಗೆ ತೋರಿಸಿದ.

"ಇದನ್ನ ನಂಬಿ ಲೈನ್ ಬಿಚ್ಚಬೇಕಂತೆ, ಮೇಡಂ. ಇದಕ್ಕೊಂದು ಸರ್ಟಿಫಿಕೇಟಾದರೂ ಇದೆಯಾ?"

"ಇಲ್ಲ ಸಾರ್," ಎಂದಳು ಅಶ್ವತಿ. "ನಿಮ್ಮ ಮೀಟರಿಗೆ ಇದೆಯಲ್ಲ. ಎರಡನ್ನೂ ಮಿಲ್ಲಿನಲ್ಲಿ ಒಂದೇ ಕಡೆ ಒಂದು ವಾರ ಇಡೋಣ. ಮಿಲ್ಲು ಓಡುವಾಗ."

ಅಧ್ಯಕ್ಷೆ ಒಪ್ಪಿದಳು. ವಾರದ ಬಳಿಕ ಮತ್ತೆ ಸೇರಿದಾಗ ಎರಡೂ ಲೆಕ್ಕಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹರಡಿದರು. ಎಲ್ಲಿಯೂ ಎರಡು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ. ಕುಞ್ಞಿರಾಮನ್‌ನ ದೊಡ್ಡ ಮೀಟರೂ ನೂರ ಎಪ್ಪತ್ತಾರು ಎಂದೇ ಬರೆದಿತ್ತು. ಅವನು ಕನ್ನಡಕ ತೆಗೆದು ಒರೆಸತೊಡಗಿದ. ಪದ್ಮಾಕ್ಷಿ ಕೋಣೆಯೆಲ್ಲ ಕೇಳುವಂತೆ, "ಓದಿದವರು ಈಗ ಏನಂತಾರೆ?" ಎಂದಳು.

ಅಧ್ಯಕ್ಷೆ ಇನ್ನೊಂದು ಹಾಳೆ ಎತ್ತಿಕೊಂಡಳು. "ಇದು ಪಂಪಿನದಾ? ಇಲ್ಲೇನಿದು, ಇಷ್ಟೊಂದು ಕುಸಿತ?"

ಅಶ್ವತಿ ಒಮ್ಮೆ ಪದ್ಮಾಕ್ಷಿಯ ಕಡೆ ನೋಡಿದಳು. "ಮಿಲ್ಲಿನ ಮೋಟಾರು ಶುರುವಾದಾಗೆಲ್ಲ ಪಂಪು ನಿಲ್ಲುತ್ತೆ, ಮೇಡಂ. ಅದಕ್ಕೆ ಕಂಬವೊಂದೇ ಕಾರಣ ಅಲ್ಲ. ಅಷ್ಟು ದೊಡ್ಡ ಮೋಟಾರನ್ನ ಸ್ಟಾರ್ಟರ್ ಇಲ್ಲದೆ ನೇರವಾಗಿ ಲೈನಿಗೆ ಕೊಡ್ತಿದ್ದಾರೆ. ಒಂದೇ ಏಟಿಗೆ ಲೈನಿನ ಕರೆಂಟೆಲ್ಲ ಎಳೆದುಕೊಳ್ಳುತ್ತೆ."

ನಿಜವೇ. ಹಿಂದಿನ ಮಳೆಗಾಲದಲ್ಲಿ ಸ್ಟಾರ್ಟರ್ ಕೆಟ್ಟಾಗ, ಹೊಸದು ಯಾಕೆಂದು ಪದ್ಮಾಕ್ಷಿಯೇ ಅದನ್ನು ಬಿಟ್ಟು ನೇರ ವೈರು ಹಾಕಿಸಿದ್ದಳು. ಗುಡ್ಡದ ಮೇಲೆ ಯಾರಿಗೆ ಏನಾದೀತೆಂದು ಅವಳು ಯೋಚಿಸಿರಲಿಲ್ಲ.

ಕುಞ್ಞಿರಾಮನ್ ಕನ್ನಡಕ ಹಾಕಿಕೊಂಡು ನಕ್ಕ. "ಓಹೋ, ಚೇಚಿ! ಎಲ್ಲಾ ಗೊತ್ತಿರುವ ಚೇಚಿ!"

ಆ ನಗು ಹೇಗಿರುತ್ತದೆಂದು ಪದ್ಮಾಕ್ಷಿಗೆ ಚೆನ್ನಾಗಿ ಗೊತ್ತಿತ್ತು. ತಾನೇ ದಿನಕ್ಕೆ ನಾಲ್ಕು ಜನರ ಮೇಲೆ ನಗುವಂಥದ್ದು. ಅದರ ಎದುರು ಕೂರಬೇಕಾಗಿ ಬಂದದ್ದು ಇದೇ ಮೊದಲು.

ಊರಿಗೆ ಮರಳುವ ಬಸ್ಸಿನಲ್ಲಿ ಅವಳೂ ಅಶ್ವತಿಯೂ ಒಂದೇ ಸೀಟಿನಲ್ಲಿ ಕೂತರು. ಪನಮರಂ ದಾಟಿದ ಮೇಲೆ ಪದ್ಮಾಕ್ಷಿ ಕೇಳಿದಳು:

"ಮೊದಲೇ ಹೇಳಬಹುದಿತ್ತಲ್ಲೇ?"

"ಹೇಳೋಕೆ ಬಂದೆ. ಸಾಕು ಬಿಡು ಅಂದ್ರಿ."

ಪದ್ಮಾಕ್ಷಿ ಕಿಟಕಿಯ ಕಡೆ ತಿರುಗಿದಳು. ಹಾಗೇ ಹೊರಗೆ ನೋಡುತ್ತ, "ನಿಮ್ಮ ಜನದ ಮಾತು ನಾನು ಆಡಬಾರದಿತ್ತು," ಎಂದಳು.

"ಆಡಬಾರದಿತ್ತು," ಎಂದಳು ಅಶ್ವತಿ. ಪರವಾಗಿಲ್ಲ ಎಂದು ಸೇರಿಸಲಿಲ್ಲ.

ಲೈನ್‌ಮನ್‌ಗಳು ಬಂದು ಅರ್ಧ ಗಂಟೆಯಲ್ಲಿ ಐದನೇ ಕಂಬದ ಜಾಯಿಂಟು ಬದಲಿಸಿದರು. ಪದ್ಮಾಕ್ಷಿ ಅದೇ ವಾರ ಹೊಸ ಸ್ಟಾರ್ಟರ್ ಹಾಕಿಸಿದಳು. ಗುಡ್ಡದ ಮೇಲೆ ಪಂಪು ನಿಲ್ಲದೆ ಓಡಿತು. ಅಶ್ವತಿಯ ಅಮ್ಮ ಕೊಡ ಹೊತ್ತು ಹಳ್ಳಕ್ಕೆ ಇಳಿಯುವುದು ನಿಂತಿತು.

ಮುಂದಿನ ತಿಂಗಳು ಪತ್ರಿಕೆಯಲ್ಲಿ ಕುಞ್ಞಿರಾಮನ್ ಫೋಟೊ ಬಂತು. ಅಂಥದೇ ಒಂದು ಡಬ್ಬಿ ಹಿಡಿದು ನಿಂತಿದ್ದ: ಕಡಿಮೆ ಖರ್ಚಿನಲ್ಲಿ ಲೈನಿನ ಮೇಲೆ ಕಣ್ಣಿಡುವ ಹೊಸ ವಿಧಾನ, ನಮ್ಮ ಕಚೇರಿಯ ಪ್ರಯೋಗ. ಅಶ್ವತಿಯ ಹೆಸರು ಎಲ್ಲೂ ಇರಲಿಲ್ಲ. ಪದ್ಮಾಕ್ಷಿ ಆ ಪುಟ ಹಿಡಿದು ರಿಪೇರಿ ಅಂಗಡಿಗೆ ಬಂದಳು.

"ನಾಚಿಕೆಗೆಟ್ಟವನು! ನೋಡಿದ್ಯಾ ಇದನ್ನ? ಪತ್ರಿಕೆಯವರಿಗೆ ಬರಿ. ನಾನೂ ಸಹಿ ಹಾಕ್ತೀನಿ."

"ಬರೆದು ಕಳಿಸಾಯ್ತು, ಸರ್ಕೀಟಿನ ಚಿತ್ರ ಸಮೇತ. ಎಂಜಿನಿಯರಿಗೆ ಅದನ್ನ ಬಿಡಿಸಿ ಹೇಳೋಕೆ ಬಂದರೆ ಹೇಳಲಿ," ಎಂದಳು ಅಶ್ವತಿ, ಬೆಸುಗೆ ಹಾಕುತ್ತಿದ್ದ ಕೈ ನಿಲ್ಲಿಸದೆ. "ನಿಮಗೇನಾಗಬೇಕಿತ್ತು?"

"ನನ್ನ ಮಿಲ್ಲಿಗೆ ಖಾಯಂ ಒಂದು ಡಬ್ಬಿ. ಅವನನ್ನ ಇನ್ನು ನಂಬಲ್ಲ."

ಅಶ್ವತಿ ಗೋಡೆ ಪಕ್ಕದ ಬೆಂಚಿನ ಕಡೆ ಗಲ್ಲದಲ್ಲೇ ಸನ್ನೆ ಮಾಡಿದಳು. ಪಯ್ಯಂಪಳ್ಳಿಯಿಂದ ಬಂದ ಹಾಲಿನ ಸೊಸೈಟಿಯವನೊಬ್ಬ, ಐಸ್ ಫ್ಯಾಕ್ಟರಿಯವನೊಬ್ಬ ಆಗಲೇ ಕಾದು ಕೂತಿದ್ದರು.

"ಅವರಿಬ್ಬರದ್ದು ಆದ ಮೇಲೆ, ಅಕ್ಕಾ."

ಪದ್ಮಾಕ್ಷಿ ಪತ್ರಿಕೆಯ ಪುಟ ಮಡಚಿಕೊಂಡಳು. ಸೀರೆಯ ಸೆರಗು ಕೊಡವಿ, ಬೆಂಚಿನ ತುದಿಯಲ್ಲಿ ಕೂತಳು.