ಮಾರಿಸ್‌ಗೆ ಮಣ್ಣು

ಗುಂಡಿಯ ಪಕ್ಕದ ಸಾಲು ಮುಂದೆ ಸರಿದಾಗ ಸುರೇಶ ಹೆಂಡತಿಯ ಮೊಣಕೈ ಹಿಡಿದು ಹಿಂದಕ್ಕೆಳೆದ.

“ಕಾರಲ್ಲಿ ಕೂತ್ಕೋ ಪದ್ಮ. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಬರಲ್ಲ.”

“ಅವರಲ್ಲಿ ಬರ್ತಾರೆ ರೀ,” ಎಂದು ಪದ್ಮ ಕೈ ಬಿಡಿಸಿಕೊಂಡಳು.

ಅಮೆರಿಕದ ಶಾಮ್‌ಬರ್ಗ್‌ನಲ್ಲಿದ್ದ ಅವರ ಅಪಾರ್ಟ್‌ಮೆಂಟಿನ ಅರ್ಧ ಜನ ಬಂದಿದ್ದರು. ಕೆಳಮನೆಯ ಮಾರಿಸ್ ಐಸ್ ಮೇಲೆ ಜಾರಿ, ತಲೆ ಒಡೆದು ಸತ್ತರು ಎಂದೇ ಎಲ್ಲರೂ ನಂಬಿದ್ದರು. ಪಕ್ಕದ ಮನೆಯ ಶೇಷಾದ್ರಿ ಅಂಕಲ್ ಸುರೇಶನ ಬೆನ್ನು ತಟ್ಟಿದರು.

“ಆಂಬುಲೆನ್ಸ್ ಕರೆದಿದ್ದು ನೀನೇ ಅಲ್ವೇನಪ್ಪ? ದೊಡ್ಡ ಕೆಲಸ.”

ಸುರೇಶ ತಲೆ ತಗ್ಗಿಸಿದ. ಎಂಥ ವಿನಯ! ಪದ್ಮ ಅವನ ಪಕ್ಕದಿಂದ ಸರಿದು ಸಾಲಿನಲ್ಲಿ ಮುಂದೆ ಹೋಗಿ ನಿಂತಳು.

* * *

ಮಾರಿಸ್ ನಲವತ್ತು ವರ್ಷ ಹೊಲಿಗೆ ಮಷೀನು ರಿಪೇರಿ ಮಾಡಿದವರು. ಪದ್ಮಳ ಮಷೀನು ಮೊಂಡು ಹಿಡಿದಾಗ ಎಣ್ಣೆಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು. ಒಂದು ಲೋಟ ಕಾಫಿಗೆ ಅದನ್ನು ಓಡಿಸಿಕೊಟ್ಟು, ಅವಳು ಹೊಲಿದ ರವಿಕೆಯ ಅಂಚನ್ನು ಕನ್ನಡಕ ಏರಿಸಿ ನೋಡಿ ತಲೆದೂಗಿದ್ದರು.

ಬ್ಯಾಂಕುಗಳು ಮುಳುಗಿ, ಎರಡು ಸಾವಿರದ ಒಂಬತ್ತರ ಆ ಚಳಿಗಾಲದಲ್ಲಿ ಸುರೇಶನ ಕೆಲಸ ಹೋಯಿತು. ದಿನವಿಡೀ ಯಾರುಯಾರೋ ಕಳಿಸಿದ ಮೇಲ್‌ಗಳನ್ನು ಓದಿ, ಬ್ಯಾಂಕು ಮುಳುಗಿಸಿದ್ದು ಯಹೂದಿಗಳೇ ಎಂದು ತಲೆಗೆ ತುಂಬಿಕೊಂಡ. ಬ್ಯಾಂಕು ಮುಳುಗಿಸುವುದಿರಲಿ, ಯಹೂದಿಯಾದ ಮಾರಿಸ್‌ಗೆ ಅಲ್ಲಿನ ಸಾಲಿನಲ್ಲಿ ನಿಂತದ್ದಷ್ಟೇ ಗೊತ್ತು. ಕೆಲಸ ಹೋದ ಸಂಕಟ, ತಾನಾಗಿ ಇಳಿಯುತ್ತದೆ ಎಂದು ಪದ್ಮ ಸುಮ್ಮನಿದ್ದಳು. ಹಾಗೆ ಸುಮ್ಮನಿದ್ದುದಕ್ಕೆ ಈಗ ತನ್ನನ್ನೇ ಕ್ಷಮಿಸಲಾರಳು.

ಮಂಗಳವಾರ ಬೆಳಿಗ್ಗೆ ಅವಳು ಕಿಟಕಿಯಿಂದ ಕಂಡಳು. ಪಾರ್ಕಿಂಗ್ ಜಾಗದಲ್ಲಿ ಸುರೇಶ ಯಹೂದಿಗಳನ್ನೆಲ್ಲ ಬೈಯುತ್ತ ಮಾರಿಸ್ ಎದೆಗೆ ಎರಡೂ ಕೈಯಿಟ್ಟು ತಳ್ಳಿದ.

“ಸಾಯ್ಲಿ ಅಂತ ತಳ್ಳಲಿಲ್ಲ ಕಣೇ,” ಎಂದು ಆಮೇಲೆ ಅತ್ತ. “ಹೊಸ ಕೆಲಸಕ್ಕೆ ಅಂತ ವೀಸಾ ಟ್ರಾನ್ಸ್‌ಫರ್‌ಗೆ ಅಪ್ಲೈ ಮಾಡಿದೀನಿ. ಬಾಯಿ ಬಿಟ್ರೆ ನಾನು ಜೈಲಿಗೆ, ನೀನು ಊರಿಗೆ.”

* * *

ಪದ್ಮ ಮೂರು ಸಲ ಮಣ್ಣು ಹಾಕಿದಳು. ಮುಂದಿದ್ದವರು ಮಾಡಿದಂತೆ ಸಲಿಕೆಯನ್ನು ಯಾರ ಕೈಗೂ ಕೊಡದೆ ಮಣ್ಣಿನ ಗುಡ್ಡೆಗೆ ಚುಚ್ಚಿದಳು.

ಮಾರಿಸ್‌ರ ಮಗಳು ರೂತ್ ಸುರೇಶನ ಎರಡೂ ಕೈ ಹಿಡಿದುಕೊಂಡಳು. “ಕೊನೆಯಲ್ಲಿ ಅಪ್ಪನ ಜೊತೆ ನೀವಿದ್ದಿರಿ. ಅವರು ಒಂಟಿಯಾಗಿರಲಿಲ್ಲ, ಅದೊಂದೇ ನನಗೆ ಸಮಾಧಾನ. ನೀವೂ ಮಣ್ಣು ಹಾಕಿ.”

ಸುರೇಶ ಸಲಿಕೆಗೆ ಕೈ ಚಾಚಿದ. ಪದ್ಮ ಅಡ್ಡ ನಿಂತಳು.

“ಪದ್ಮ, ಬೇಡ ಕಣೇ,” ಎಂದು ಅವನು ಕನ್ನಡದಲ್ಲಿ ಪಿಸುಗುಟ್ಟಿದ.

ಅವಳು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು. “ರೂತ್, ನಿಮ್ಮಪ್ಪ ಜಾರಿ ಬೀಳಲಿಲ್ಲ. ನನ್ನ ಗಂಡ ತಳ್ಳಿದ. ಯಹೂದಿ ಅಂತ ತಳ್ಳಿದ. ನಾನು ನೋಡಿದೆ. ಪೊಲೀಸರಿಗೂ ಹೇಳುತ್ತೇನೆ.”

ರೂತ್ ಸುರೇಶನ ಕೈ ಹಿಡಿದಿದ್ದ ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಅಲ್ಲೇ ಮೊಣಕಾಲೂರಿ, ಹಿಮ ಬಾಚಿ ಬಾಚಿ ಎರಡೂ ಕೈ ಉಜ್ಜಿಕೊಳ್ಳತೊಡಗಿದಳು.