ಸೊಳ್ಳೆಪರದೆಯೊಳಗಿನ ಹೂವು

ಮೈದುನ ಹೂಕುಂಡಕ್ಕೆ ಹೊದಿಸಿದ್ದ ಸೊಳ್ಳೆಪರದೆಯ ಅಂಚನ್ನು ಎತ್ತಿ ಚಾಕು ಒಳಗೆ ತೂರಿಸುವಷ್ಟರಲ್ಲಿ ಅತ್ತಿಗೆ ಅವನ ಮೊಣಕೈ ಹಿಡಿದಳು.

"ಅದನ್ನ ಮುಟ್ಟಬೇಡಪ್ಪ. ಹಾರಕ್ಕೆ ಬೇಕಾದ ಹೂವೆಲ್ಲ ಮೊದಲು ಕುಯ್ದು ಬಾ."

"ಇದನ್ನೂ ಅಣ್ಣನ ಎದೆ ಮೇಲೆ ಇಡೋಣ ಅಂತ..."

"ಇಡೋಣ. ಆದ್ರೆ ಇದರ ಸರದಿ ಯಾವತ್ತೂ ಕೊನೆಗೇ."

ಹೂಗಿಡಗಳ ನರ್ಸರಿ ನಡೆಸುತ್ತಿದ್ದ ಅವಳ ಗಂಡನ ದೇಹವನ್ನು ಅಂಗಳದ ಬೆಂಚಿನ ಮೇಲೆ ಮಲಗಿಸಿದ್ದರು. ಚಿತಾಗಾರದ ಗಾಡಿ ಇನ್ನೂ ಬಂದಿರಲಿಲ್ಲ. ಪಕ್ಕದ ಮನೆಯ ಟೈಲರ್ ಪರದೆಯನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ.

"ಹೊಲಿದುಕೊಟ್ಟೋನು ನಾನೇ. ಮಗುವಿಗಾ ಅಂದೆ. ಹೂವಿಗೆ ಅಂದ. ಗಂಡ ಹೆಂಡ್ತಿ ರಾತ್ರಿಯೆಲ್ಲ ಸೊಳ್ಳೆ ಹೊಡ್ಕೊಂಡು ಮಲಗ್ತೀರಿ, ಹೂವಿಗೆ ಪರದೆಯಾ ಅಂತ ರೇಗಿಸಿದೆ. ಹೊಲಿಗೆ ಬಿಗಿಯಾಗಿರ್ಲಿ, ಗಿಡದ ಹೇನು ನುಗ್ಗಬಾರದು ಅಂದ ಅಷ್ಟೆ."

*

ಅವಳು ಮದುವೆಯಾಗಿ ಬಂದ ವರ್ಷ ಕೆಂಪು ಗ್ಲಾಡಿಯೋಲಸ್ ಸಾಲಿನಲ್ಲಿ ಬಿಳಿ ಗೀರಿನ ಹೂಗಳು ಬಿಟ್ಟಿದ್ದವು, ದೇವರೇ ಬಿಡುವು ಮಾಡಿಕೊಂಡು ಕುಂಚ ಹಿಡಿದು ಕೂತಿದ್ದನೇನೋ ಎಂಬಂತೆ. ಒಂದನ್ನು ಮುಡಿದು ಅವಳು ಕನ್ನಡಿಯೆದುರು ನಿಂತಾಗ ಗಂಡ ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

"ಅದು ಬಣ್ಣ ಅಲ್ಲ ಕಣೇ, ರೋಗ. ವೈರಸ್ಸು. ಗಿಡದ ಹೇನಿಂದಲೂ ಹರಡುತ್ತೆ, ನನ್ನ ಚಾಕುವಿಂದಲೂ ಹರಡುತ್ತೆ. ಔಷಧಿ ಇಲ್ಲ."

ಸಂಜೆಯೊಳಗೆ ಇಡೀ ಸಾಲನ್ನು ಕಿತ್ತು ಸುಟ್ಟ. ಅವಳು ಒಂದು ಗಡ್ಡೆಯನ್ನು ಬೇಳೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು.

ಮುಂದಿನ ಹಂಗಾಮಿನಲ್ಲಿ ಬಚ್ಚಲ ಹಿಂದಿನ ಕುಂಡದಲ್ಲಿ ಗೆರೆಗೆರೆಯ ಎಲೆ ಮೂಡಿದಾಗ ಅವನಿಗೆ ಗೊತ್ತಾಯಿತು. ಬೈಯುತ್ತಾನೆಂದು ಅವಳು ಕಾದಳು. ಅವನು ಚಪ್ಪಲಿ ಮೆಟ್ಟಿಕೊಂಡು ಟೈಲರ್ ಅಂಗಡಿಗೆ ಹೋದ. ಅಂದಿನಿಂದ ಆ ಗಿಡಕ್ಕೆ ಬೇರೆ ಚಾಕು, ಬೇರೆ ತಂಬಿಗೆ. ತೋಟದ ಕೆಲಸವೆಲ್ಲ ಮುಗಿದ ಮೇಲೆ ಅದರ ಬಳಿ ಹೋಗುತ್ತಿದ್ದ. ಬಂದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದ. ದೇವರಿಗೆ ಕೈ ಮುಗಿಯುತ್ತಿದ್ದುದೂ ಆಮೇಲೆಯೇ.

*

ಹಾರ ಕಟ್ಟಿ ಮುಗಿಯಿತು.

"ಹೂ ಮಾತ್ರ ಕುಯ್ತೀನಿ ಅತ್ತಿಗೆ. ಗಿಡ ಇರ್ಲಿ, ಅಣ್ಣನ ಹಾಗೇ ನೋಡ್ಕೋತೀನಿ," ಎಂದ ಮೈದುನ.

"ನೀನು ಒಳ್ಳೆಯೋನೇ. ಆದ್ರೆ ಹಸಿವಾದ್ರೆ ಕೈ ತೊಳೆಯೋದೂ ನೆನಪಿರಲ್ಲ ನಿಂಗೆ. ಒಂದಿನ ಮರೆತ್ರೆ ನಿಮ್ಮಣ್ಣ ಬೆಳೆಸಿದ್ದೆಲ್ಲ ಹೋಗುತ್ತೆ."

"ನಿಮಗೆ ಅಷ್ಟು ಇಷ್ಟವಾದದ್ದು..."

"ಅದಕ್ಕೇ ಇಷ್ಟು ವರ್ಷ ಹೆದರ್ಕೊಂಡೇ ಕಾಪಾಡಿದ್ರು ನಿಮ್ಮಣ್ಣ. ಸಾಕಪ್ಪ."

ಅವಳೇ ಗಿಡವನ್ನು ಗಡ್ಡೆಸಮೇತ ಕಿತ್ತಳು. ಕುಂಡದ ಮಣ್ಣನ್ನು ಕೆದಕಿ ಮರಿಗಡ್ಡೆಗಳನ್ನೂ ಬಿಡದೆ ಆರಿಸಿದಳು. ಎಲ್ಲವನ್ನೂ ಪರದೆಯಲ್ಲಿ ಸುತ್ತಿ ಗಂಡನ ಮಗ್ಗುಲಲ್ಲಿಟ್ಟಾಗ ಗೀರುಹೂವೊಂದೇ ಹೊರಗೆ ಇಣುಕುತ್ತಿತ್ತು.

ಗಾಡಿ ಬಂತು.

"ಬಾಮ್ಮ, ಕೈ ಮುಗಿದು ಕಳಿಸಿಕೊಡು," ಎಂದ ಟೈಲರ್.

"ಸ್ವಲ್ಪ ಇರಿ."

ಅವಳು ನಲ್ಲಿಯ ಬಳಿ ಕೂತು ಮೊಣಕೈವರೆಗೆ ಸೋಪು ಹಚ್ಚಿದಳು. ಉಗುರಿನ ಸಂದಿಯ ಮಣ್ಣು ಹೋಗುವವರೆಗೂ ಉಜ್ಜಿದಳು. ಆಮೇಲೆ ಎದ್ದು ಬಂದು, ನೀರು ತೊಟ್ಟಿಕ್ಕುತ್ತಿದ್ದ ಕೈಗಳನ್ನು ಗಂಡನ ಮುಂದೆ ಜೋಡಿಸಿದಳು.