ಕಿಟಕಿ ಹಾಡಿನ ಮೇಲೊಂದು ಗೀಟು

ರೇಡಿಯೋದ ಹುಡುಗಿ ಫೋನಿನಲ್ಲಿ "ಒಂದು ವರ್ಷ, ಒಂದು ಗಂಟೆ ಸಾರ್" ಎಂದಾಗ ಕ್ಯಾಸೆಟ್ ಮಾಮನಿಗೆ ಯಾವುದೋ ಕೋರ್ಟು ಶಿಕ್ಷೆ ಓದಿ ಹೇಳುತ್ತಿದೆ ಅನಿಸಿತು. ಆಮೇಲೆ ತಿಳಿಯಿತು, ಅದು ಕಾರ್ಯಕ್ರಮದ ಹೆಸರು. ಹಾಡಿನ ಸಹವಾಸದಲ್ಲಿ ತಲೆ ನರೆಸಿಕೊಂಡವರು ಒಬ್ಬೊಬ್ಬರೂ ಒಂದೊಂದು ವರ್ಷ ಆರಿಸಿಕೊಂಡು, ಆ ವರ್ಷವನ್ನು ಒಂದು ಗಂಟೆಯ ಹಾಡುಗಳಲ್ಲಿ ಕಟ್ಟಿಕೊಡಬೇಕು. ಪಟ್ಟಿ ಶುಕ್ರವಾರದೊಳಗೆ ಬರಬೇಕು.

ಮಾಮ ಯೋಚಿಸಲೇ ಇಲ್ಲ. ಮೂವತ್ತೆರಡು ವರ್ಷದ ಹಿಂದೆ ಅಂಗಡಿ ತೆರೆದ ವರ್ಷವನ್ನೇ ಹಿಡಿದ. ಆಗ ಜನ ಚೀಟಿಯಲ್ಲಿ ಬೇಕಾದ ಹಾಡು ಬರೆದುಕೊಡುತ್ತಿದ್ದರು, ಇವನು ಅವನ್ನೆಲ್ಲ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದ. ಈಗ ಅದೇ ಅಂಗಡಿಯಲ್ಲಿ ಮೊಬೈಲ್ ಕವರು, ಚಾರ್ಜರು ನೇತಾಡುತ್ತಿವೆ. ಬೋರ್ಡು ಮೂರು ಸಲ ಬದಲಾಯಿತು, ಅವನ ಹೆಸರು ಮಾತ್ರ ಕ್ಯಾಸೆಟ್ ಮಾಮ ಎಂದೇ ಸುರುಳಿ ಸುತ್ತಿಕೊಂಡು ಉಳಿಯಿತು. ಇಪ್ಪತ್ತು ವರ್ಷದಿಂದ ಜನ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಈ ಪಿನ್ನು ಇದಕ್ಕೆ ಕೂರುತ್ತಾ? ಈಗ ಯಾರೋ ಹಾಡಿನ ವಿಷಯ ಕೇಳಿದ್ದಾರೆ. ಮಾಮ ಎರಡು ಇಂಚು ಬೆಳೆದ.

ಹದಿನೈದು ಹಾಡು ಬರೆದು, ಪಟ್ಟಿಯನ್ನು ಹೆಂಡತಿಯ ಹೊಲಿಗೆ ಮಷೀನಿನ ಮೇಲಿಟ್ಟು ಸ್ನಾನಕ್ಕೆ ಹೋದ. ಬಂದು ನೋಡಿದರೆ ಹದಿನೈದನೆಯ ಹಾಡಿನ ಮೇಲೆ ಒಂದು ಗೀಟು. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ್ದು.

"ಏನೇ, ಇದಕ್ಕೆ ಯಾಕೆ ಗೀಟು?"

"ಅದೊಂದು ಬೇಡ."

"ಯಾಕೆ ಬೇಡ?"

"ಬೇಡ ಅಂದ್ರೆ ಬೇಡ. ಆ ವರ್ಷ ಬೇರೆ ಹಾಡೇ ಹುಟ್ಟಲಿಲ್ವಾ?"

ಅದೊಂದು ಪುಟ್ಟ ಹಾಡು. ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ. ಕಿಟಕಿಯನ್ನು ಅರ್ಧ ತೆರೆದಿಡು, ಉಳಿದರ್ಧ ನಾನು ನೋಡಿಕೊಳ್ಳುತ್ತೇನೆ ಎಂದು ಒಬ್ಬ ಬೀದಿಯಲ್ಲಿ ನಿಂತು ಹಾಡುತ್ತಾನೆ. ಎಲ್ಲರೂ ಅದನ್ನು ಕಿಟಕಿ ಹಾಡು ಎನ್ನುತ್ತಿದ್ದರು. ಮಾಮ ಪಟ್ಟಿಯನ್ನು ಹೊಸ ಹಾಳೆಯಲ್ಲಿ ಬರೆದ. ಮತ್ತೆ ಗೀಟು ಬಿತ್ತು. ಮೂರನೇ ಸಲ ಬರೆದ. ಈ ಸಲ ಗೀಟು ಎಷ್ಟು ಒತ್ತಿ ಬಿದ್ದಿತ್ತೆಂದರೆ ಹಾಳೆ ಹರಿದು ಹಾಡು ಎರಡು ತುಂಡಾಗಿತ್ತು.

ಮಾಮನ ತಲೆಗೆ ಹುಳ ಹೊಕ್ಕಿತು. ಮೂವತ್ತೆರಡು ವರ್ಷದ ಹಳೇ ಹಾಡಿನ ಮೇಲೆ ಒಬ್ಬ ಹೆಂಗಸಿಗೆ ಇಷ್ಟು ಸಿಟ್ಟು ಯಾಕೆ? ಹಾಡಿನ ಮೇಲಲ್ಲ, ಹಾಡಿನ ಹಿಂದಿರುವವನ ಮೇಲೆ. ಹಿಂದಿರುವವನು ಯಾರು?

ಪರೀಕ್ಷೆ ಮಾಡೋಣವೆಂದು ಅವಳು ಸೂಜಿಗೆ ದಾರ ಪೋಣಿಸುವಾಗ ಬೇಕೆಂದೇ ಆ ಹಾಡು ಗುನುಗಿದ. ಅವಳು ತಲೆ ಎತ್ತಲಿಲ್ಲ. ಮಷೀನನ್ನು ಮಾತ್ರ ಎಷ್ಟು ಜೋರಾಗಿ ತುಳಿದಳೆಂದರೆ ಗಿರಾಕಿಯ ರವಿಕೆಗೆ ಬೇಕೇ ಇಲ್ಲದ ಕಡೆ ಎರಡು ಹೊಲಿಗೆ ಬಿತ್ತು.

ಮಾರನೆಯ ದಿನ ಅಂಗಡಿಯಿಂದ ನಾದಿನಿಗೆ ಫೋನ್ ಮಾಡಿದ.

"ಏನಮ್ಮಾ, ಒಂದು ಮಾತು ಕೇಳ್ಲಾ? ನಿಮ್ಮಕ್ಕನಿಗೂ ಆ ಕಿಟಕಿ ಹಾಡಿಗೂ ಏನು ಸಂಬಂಧ?"

ಆ ಕಡೆ ಒಂದು ನಿಟ್ಟುಸಿರು ಬಂತು.

"ಭಾವ, ಆ ಸುದ್ದಿ ಎತ್ತಬೇಡಿ. ಇಷ್ಟು ವರ್ಷದಿಂದ ನಾನು ಬಾಯಿ ಬಿಟ್ಟಿಲ್ಲ."

"ಬಾಯಿ ಬಿಡಬಾರದಂಥದ್ದು ಏನಿದೆ ಅಂತ ನಾನು ಕೇಳ್ತಿರೋದು."

"ಅಕ್ಕನ್ನೇ ಕೇಳಿ. ಮದುವೆಗೆ ಮುಂಚೆ ದಿನಾ ಸಂಜೆ ಕಿಟಕಿ ಅರ್ಧ ತೆರೆದಿಟ್ಟು ಆ ಹಾಡು ಹಾಕ್ಕೊಂಡು ಕೂತಿರ್ತಿದ್ಲು. ಇಷ್ಟೇ ನಾನು ಹೇಳೋದು. ಇಡ್ತೀನಿ ಭಾವ, ಹಾಲು ಉಕ್ತಾ ಇದೆ."

ಹಾಲು ಉಕ್ಕಿತೋ ಇಲ್ಲವೋ, ಮಾಮನ ಅನುಮಾನ ಉಕ್ಕಿತು. ಹೆಂಡತಿಯ ತವರುಮನೆಯ ಎದುರು ಮಹಡಿಯಲ್ಲಿ ಆಗ ಯಾರಿದ್ದರು? ಕ್ಲಾರಿನೆಟ್ ಮೇಷ್ಟ್ರು. ಆಗ ಗುಂಗುರು ಕೂದಲು, ಈಗ ಕಟ್ಟಿಸಿದ ಹಲ್ಲು. ಮಹಡಿಯ ಕಿಟಕಿಗೆ ಸರಿಯಾಗಿ ಇವಳ ಕಿಟಕಿ.

ದುರದೃಷ್ಟಕ್ಕೆ ಗುರುವಾರ ಮೇಷ್ಟ್ರೇ ಚಾರ್ಜರ್ ಕೇಳಿಕೊಂಡು ಅಂಗಡಿಗೆ ಬಂದರು. ಮಾಮ ಏನೂ ಗೊತ್ತಿಲ್ಲದವನ ಹಾಗೆ ಫೋನಿನಲ್ಲಿ ಹಾಡು ಹಚ್ಚಿದ.

"ಮೇಷ್ಟ್ರೇ, ಇದು ನೆನಪಿದ್ಯಾ?"

ಮೇಷ್ಟ್ರು ಕಣ್ಣು ಮುಚ್ಚಿದರು. ಅವರ ಬೆರಳುಗಳು ಊರುಗೋಲಿನ ಮೇಲೆ ಇಲ್ಲದ ತೂತು ಹುಡುಕತೊಡಗಿದವು. "ನೆನಪಿಲ್ದೆ ಇರುತ್ತೇನಪ್ಪ. ನಮ್ಮ ಮಹಡಿಗೆ ದಿನಾ ಸಂಜೆ ಕೇಳಿಸ್ತಿತ್ತು. ಎದುರು ಕಿಟಕಿಯಿಂದ."

"ಯಾರು ಹಾಕ್ತಿದ್ರು?"

"ಯಾರು ಹಾಕಿದ್ರೇನು, ಕಿವಿ ನಂದು," ಎಂದು ಮೇಷ್ಟ್ರು ನಕ್ಕರು. ಆ ನಗು ಮಾಮನಿಗೆ ಹಲ್ಲಿನಷ್ಟೇ ಸುಳ್ಳು ಅನಿಸಿತು. ಅವರ ಫೋನಿಗೆ ಕೂರದ ಚಾರ್ಜರನ್ನೇ ಆರಿಸಿ, ಕವರಿಗೆ ಹಾಕಿ, ನಗುನಗುತ್ತಾ ಕೊಟ್ಟು ಕಳಿಸಿದ.

ಶುಕ್ರವಾರ ಬೆಳಿಗ್ಗೆ ಮಾಮ ಸೋತು ಹದಿನಾಲ್ಕೇ ಹಾಡಿನ ಪಟ್ಟಿಯನ್ನು ರೇಡಿಯೋಗೆ ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಸೋಲು ಅರಗದೆ, ಅಂಗಡಿ ಮುಚ್ಚಿ ಮನೆಗೆ ಬಂದು ಮಷೀನಿನ ಎದುರು ನಿಂತ.

"ನಿಜ ಹೇಳು. ಆ ಹಾಡು ಕೇಳಿದ್ರೆ ನಿನಗೆ ಯಾರು ನೆನಪಾಗ್ತಾರೆ?"

ಮಷೀನು ನಿಂತಿತು.

"ನೀವು ಕೇಳ್ತೀರಾ ನನ್ನ? ನೀವು?"

ಅವಳು ಬಗ್ಗಿ ಮಷೀನಿನ ಕೆಳಗಿನಿಂದ, ಚೂರು ಬಟ್ಟೆಗಳ ಗಂಟಿನ ಹಿಂದಿನಿಂದ, ಒಂದು ಚಪ್ಪಲಿ ಡಬ್ಬಿ ಎಳೆದಳು. ಒಳಗೆ ಹನ್ನೊಂದು ಕ್ಯಾಸೆಟ್ಟು. ಎಲ್ಲದರ ಮೇಲೂ ಮಾಮನ ಕೈಬರಹ.

"ಇದು ನನ್ನ ತಂಗೀದು. ಇದು ನರ್ಸಮ್ಮಂದು. ಇದು ಪೋಸ್ಟ್ ಮಾಸ್ಟರ ಮಗಳದು. ಎರಡು ಜಡೆ ಹಾಕ್ಕೊಂಡು ಕುಣೀತಾ ಹೋಗ್ತಿದ್ಲಲ್ಲ ಇನ್ನೊಬ್ಬಳು, ಇದು ಅವಳದು. ಎಲ್ಲದರ ಕೊನೇಲೂ ಅದೇ ಕಿಟಕಿ. ಯಾರೂ ಚೀಟೀಲಿ ಬರೆದುಕೊಟ್ಟಿರಲಿಲ್ಲ. ವಿಚಾರಿಸಿದ್ದೀನಿ."

"ಇವೆಲ್ಲ ನಿನ್ನ ಹತ್ರ ಹೇಗೆ..."

"ಅಳತೆ ತಗೊಳ್ಳೋಕೆ ಅಂತ ಮನೆಮನೆಗೆ ಹೋಗ್ತೀನಲ್ಲ. ಹಳೇದಿದ್ರೆ ಕೊಡಿ ಅಂದೆ, ಕೊಟ್ರು." ಅವಳು ಎಲ್ಲಕ್ಕಿಂತ ಸವೆದ ಕ್ಯಾಸೆಟ್ಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. "ಇದು ನಂದು. ಚೀಟೀಲಿ ಇಲ್ಲದ ಹಾಡು ಕೊನೇಲಿ ಬಂತು. ಅಂಗಡಿಯವನು ಬಾಯಲ್ಲಿ ಹೇಳೋಕಾಗದೆ ಟೇಪಲ್ಲಿ ಹೇಳಿದಾನೆ ಅಂದ್ಕೊಂಡೆ. ಕಿಟಕಿ ಅರ್ಧ ತೆಗೆದಿಟ್ಟೆ. ವರ್ಷದ ಕೊನೆಗೆ ನಿಮ್ಮ ಕಡೆಯಿಂದ ಸಂಬಂಧ ಕೇಳ್ಕೊಂಡು ಬಂದಾಗ ಮನೇಲಿ ಯಾರೂ ಬಾಯಿ ತೆಗೆಯೋ ಮುಂಚೆ ನಾನೇ ಹೂಂ ಅಂದೆ. ಮದುವೆಯಾಗಿ ಮೂರು ತಿಂಗಳಿಗೆ ನನ್ನ ತಂಗಿ ಕ್ಯಾಸೆಟ್ಟಲ್ಲೂ ಅದೇ. ಆಮೇಲೆ ನರ್ಸಮ್ಮ. ನೀವು ಎಷ್ಟು ಕಿಟಕಿ ತೆಗೆಸಿದ್ರಿ ಅಂತ ಇವತ್ತಿಗೂ ನನಗೆ ಲೆಕ್ಕ ಸಿಕ್ಕಿಲ್ಲ."

ಮಾಮ ಕ್ಯಾಸೆಟ್ಟುಗಳನ್ನು ನೋಡಿದ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ನಗು ಬಂತು, ನಗುತ್ತಾ ಕೂತೇಬಿಟ್ಟ.

"ಅಯ್ಯೋ ಮಾರಾಯ್ತಿ, ಅದು ಜಾಗ ತುಂಬ್ಸೋಕೆ ಕಣೇ. ಟೇಪಿನ ಒಂದು ಕಡೆಗೆ ಮೂವತ್ತು ನಿಮಿಷ. ಜನ ಬರೆದುಕೊಟ್ಟ ಹಾಡೆಲ್ಲ ಹಾಕಿದ್ರೂ ಕೊನೇಲಿ ಎರಡು ನಿಮಿಷ ಉಳೀತಿತ್ತು. ಖಾಲಿ ಬಿಟ್ರೆ ಟೇಪು ಕೆಟ್ಟಿದೆ ಅಂತ ಜಗಳಕ್ಕೆ ಬರೋರು. ಎರಡು ನಿಮಿಷದೊಳಗೆ ಮುಗಿಯೋ ಹಾಡು ಆ ವರ್ಷ ಅದೊಂದೇ ಇದ್ದಿದ್ದು. ಎಲ್ಲರಿಗೂ ಅದನ್ನೇ ಜಡಿದೆ."

"ನಂಬಲ್ಲ."

ಮಾಮ ಡಬ್ಬಿಯ ತಳದಿಂದ ಒಂದನ್ನು ಹೆಕ್ಕಿದ. "ಇದು ಯಾರದು ನೋಡು. ಹಿಟ್ಟಿನ ಗಿರಣಿ ಅಜ್ಜಂದು. ಇದರಲ್ಲೂ ಇದೆಯಲ್ಲ? ಆ ಮೀಸೆಗೂ ಕಿಟಕಿ ತೆಗಿ ಅಂದಿದ್ನಾ ನಾನು?"

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಇಷ್ಟು ವರ್ಷದ ತನಿಖೆಯಲ್ಲಿ ಈ ಸಾಕ್ಷಿಯನ್ನು ಅವಳು ವಿಚಾರಣೆಗೇ ಕರೆದಿರಲಿಲ್ಲ. ತುಟಿ ಬಿಗಿಹಿಡಿದಳು, ಆಗಲಿಲ್ಲ, ನಕ್ಕುಬಿಟ್ಟಳು. ಗಿರಣಿ ಅಜ್ಜ ಸಂಜೆ ಕಿಟಕಿಯಲ್ಲಿ ಕೂತಂತೆ ನೆನೆದು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲೆ ಅವಳ ನಗು ಮೊದಲು ನಿಂತಿತು. ಸವೆದ ಕ್ಯಾಸೆಟ್ಟು ಇನ್ನೂ ಅವಳ ಮಡಿಲಲ್ಲಿತ್ತು.

"ಹಾಗಾದ್ರೆ ನಂದೂ ಜಾಗ ತುಂಬ್ಸೋಕೇನಾ?"

ಮಾಮನ ನಗು ಹಳೇ ಟೇಪಿನ ಹಾಗೆ ಸಿಕ್ಕಿಹಾಕಿಕೊಂಡಿತು. ತನ್ನನ್ನು ಬಿಡಿಸಿಕೊಳ್ಳುವ ಭರದಲ್ಲಿ ಅವಳ ಕೈಯಿಂದ ಏನು ಕಿತ್ತುಕೊಂಡೆ ಎಂದು ಈಗ ಹೊಳೆಯಿತು. ಇಲ್ಲ ಎನ್ನಬಹುದಿತ್ತು. ಆದರೆ ಉಳಿದ ಹತ್ತು ಕ್ಯಾಸೆಟ್ಟು ಅವನನ್ನೇ ನೋಡುತ್ತಿದ್ದವು.

"ನಿಂದು..." ಎಂದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಬಚಾವಾದೆ ಎಂದುಕೊಂಡು ಎತ್ತಿದ. ಅವಸರದಲ್ಲಿ ಸ್ಪೀಕರ್ ಒತ್ತಿಹೋಯಿತು.

"ಸಾರ್, ನಿಮ್ಮ ಹದಿನಾಲ್ಕು ಹಾಡು ಜೋಡಿಸಿದ್ವಿ," ಎಂದಳು ರೇಡಿಯೋದ ಹುಡುಗಿ. "ಐವತ್ತೆಂಟು ನಿಮಿಷ ಆಗುತ್ತೆ. ಕೊನೇಲಿ ಎರಡು ನಿಮಿಷ ಖಾಲಿ ಉಳಿದಿದೆ. ಜಾಗ ತುಂಬೋಕೆ ಯಾವುದಾದ್ರೂ ಚಿಕ್ಕ ಹಾಡು ಇದ್ಯಾ?"

ಮಾಮ ಬಾಯಿ ತೆರೆದ. ಹೆಂಡತಿ ಕೈಚಾಚಿ ಫೋನ್ ಕಿತ್ತುಕೊಂಡಳು.

"ನೋಡಮ್ಮಾ, ಕಿಟಕಿ ಹಾಡು ಅಂತ ಒಂದಿದೆ. ಅದನ್ನ ಹಾಕು. ಜಾಗ ಉಳಿದಿದೆ ಅಂತ ಹಾಕ್ಬೇಡ. ಇವರಿಗೆ ತುಂಬಾ ಇಷ್ಟದ್ದು ಯಾವುದಿದೆಯೋ ಅದನ್ನ ತೆಗೆದು, ಅಲ್ಲಿ ಇದನ್ನ ಹಾಕು."

"ಮೂರನೇದು," ಎಂದ ಮಾಮ, ಹಲ್ಲು ಕೀಳಿಸಿಕೊಂಡವನ ದನಿಯಲ್ಲಿ.

"ಮೇಡಂ, ಅದು ನಾಲ್ಕು ನಿಮಿಷದ್ದು. ಆಗ ಖಾಲಿ ಇನ್ನೂ ಜಾಸ್ತಿ ಆಗುತ್ತೆ. ನಾಲ್ಕು ನಿಮಿಷ."

"ಆ ನಾಲ್ಕು ನಿಮಿಷ ಇವರೇ ಮಾತಾಡ್ತಾರೆ. ಈ ಹಾಡು ಯಾರಿಗೆ, ಯಾಕೆ ಅಂತ ಎಲ್ಲರ ಮುಂದೆ ಹೇಳ್ಲಿ."

"ಚೆನ್ನಾಗಿರುತ್ತೆ ಮೇಡಂ. ನಾಳೆ ಬೆಳಿಗ್ಗೆ ರೆಕಾರ್ಡಿಂಗ್ ಇಟ್ಕೊಳ್ತೀವಿ."

ಫೋನ್ ಇಟ್ಟು ಅವಳು ಮಷೀನಿಗೆ ಕೂತಳು. ಮಾಮ ಹರಿದ ಪಟ್ಟಿಯನ್ನು ಮಗುಚಿ, ಹಿಂದೆ ಬರೆಯಲು ಶುರುಮಾಡಿದ. "ಆ ವರ್ಷ ಒಬ್ಬಳು ಹುಡುಗಿ ಅಂಗಡಿಗೆ ಚೀಟಿ ತಂದಳು" ಎಂದು ಬರೆದು ನಿಂತ. ಚೀಟಿ ನೆನಪಿತ್ತಾ? ಹುಡುಗಿ? ಅವತ್ತು ಅವನ ಗಮನವೆಲ್ಲ ಟೇಪಿನ ಮೇಲಿತ್ತು. ಮತ್ತೆ ಯೋಚಿಸಿದ. ಬೆರಳಿಗೆ ಸೂಜಿ ಚುಚ್ಚಿ ಕಟ್ಟಿಕೊಂಡಿದ್ದ ಒಂದು ಬಟ್ಟೆ ಚೂರು, ಹಳದಿಯದು, ನೆನಪಾಯಿತು. ಚೀಟಿ ಹಿಡಿದಿದ್ದ ಬೆರಳು. ಅದನ್ನು ಬರೆದ.

ತಲೆ ಎತ್ತಿದರೆ ಅವಳು ಎದ್ದು ಹೋಗಿ ಬೀದಿಕಡೆಯ ಕಿಟಕಿ ತೆರೆಯುತ್ತಿದ್ದಳು. ಪೂರ್ತಿ ಅಲ್ಲ, ಅರ್ಧ.

"ಏನೇ ಅದು?"

"ಸೆಕೆ," ಎಂದಳು.

ಹೊರಗೆ ತಣ್ಣನೆ ಗಾಳಿ ಬೀಸುತ್ತಿತ್ತು. ಮಾಮನಿಗೆ ಹಾಡು ಹೊಳೆಯಿತು. ಎದ್ದು, ಉಳಿದರ್ಧ ತಾನು ತೆರೆದ.